ಗ್ರಾಫ್ಟನ್ನಿನ ಪಿಯಾನೊ ಹಿಡಿದು ಗಿಟಾರಿನ ಶ್ರುತಿ ಕಂಡುಕೊಂಡದ್ದು: ನನ್ನ ಅನುಭವ

ಹಳೆಯ ಕಂಟ್ರಿ ಬ್ಲೂಸ್ (ಅಮೆರಿಕದ ದಕ್ಷಿಣದ ಹಳ್ಳಿಗಾಡಿನ ಕಪ್ಪುಜನರ ಹಾಡು) ಗ್ರಾಮಫೋನ್ ತಟ್ಟೆಗಳಿಂದ ಗಿಟಾರ್ ನುಡಿಸಾಣಿಕೆಯನ್ನು ಎತ್ತಿಕೊಳ್ಳಲು ಹೊರಟವರೆಲ್ಲ ಒಂದಲ್ಲ ಒಂದು ದಿನ ತಟ್ಟೆಯ ವೇಗದ ಮುಂದೆ ನಿಂತುಬಿಡುತ್ತಾರೆ. ನಿಮಿಷಕ್ಕೆ 78 ಸುತ್ತು ತಿರುಗುತ್ತವೆಂದು ಇವನ್ನು 78 ಎಂದು ನಾವು ಕರೆಯುವುದು ವಾಡಿಕೆಯ ಹೆಸರು ಮಾತ್ರ. ತೂಗುಬಿಟ್ಟ ಭಾರದ ಸೆಳೆತದಿಂದ ತಿರುಗುತ್ತಿದ್ದ, ಹಾಡನ್ನು ತಟ್ಟೆಗೆ ಕೊರೆಯುವ ಆ ಕಾಲದ ಯಂತ್ರಗಳು 75ರಲ್ಲೂ ತಿರುಗಿವೆ, 81ರಲ್ಲೂ ತಿರುಗಿವೆ. ಅರ್ಧ ಸ್ವರವೆಂದರೆ ವೇಗದಲ್ಲಿ ಹೆಚ್ಚುಕಡಿಮೆ ಶೇ. 6ರ ವ್ಯತ್ಯಾಸ. ಅಷ್ಟು ತಪ್ಪಿದರೆ ಹಾಡಿದವರ ದನಿಯ ವಯಸ್ಸು ಬದಲಾಗುತ್ತದೆ, ತಂತಿಯ ಬಿಗಿ ಬದಲಾಗುತ್ತದೆ, ಕ್ಯಾಪೊ (ಶ್ರುತಿ ಏರಿಸಲು ತಂತಿಗಳಿಗೆ ಅಡ್ಡಲಾಗಿ ಬಿಗಿಯುವ ಹಿಡಿಕೆ) ಹಾಕಿದ್ದರೋ ಇಲ್ಲವೋ ಎಂಬುದು ವಾದಕ್ಕೆ ಬೀಳುತ್ತದೆ. ಈ ತೊಡಕನ್ನು ನಾನು ಬಿಡಿಸಿದ್ದು ಗಿಟಾರಿನಿಂದಲ್ಲ, ಪಿಯಾನೊದಿಂದ. ಒಂದೇ ಸ್ಟುಡಿಯೊದಲ್ಲಿ, ಮುಖ್ಯವಾಗಿ ಅಮೆರಿಕದ ಗ್ರಾಫ್ಟನ್ ಊರಿನ ಸ್ಟುಡಿಯೊದಲ್ಲಿ, ಒಂದೇ ಮುದ್ರಣದ ಸರದಿಯಲ್ಲಿ ಕೊರೆದ ಪಿಯಾನೊ ಹಾಡನ್ನು ಮೊದಲು ಅಳೆದು, ಅಲ್ಲಿ ಸಿಕ್ಕ ವೇಗವನ್ನು ಅದರ ಪಕ್ಕದ ಗಿಟಾರ್ ಹಾಡುಗಳಿಗೆ ಹಚ್ಚುವುದು ನನ್ನ ವಿಧಾನ. ಇದು ಆಗುವ ಮಾತಲ್ಲವೆಂದು ಹೇಳಿದವರು ಹಲವರು. ಅವರಲ್ಲಿ ಇಬ್ಬರು ಈಗ ಇದೇ ವಿಧಾನವನ್ನು ಹಿಡಿದಿರುವುದರಿಂದ, ನಡೆದದ್ದನ್ನು ನಾನೇ ಬರೆದಿಡುವುದು ಸರಿಯೆನಿಸಿತು.

ಯಾವ ಗಿಟಾರಿಗರಿಗಾಗಿ ಇಷ್ಟೆಲ್ಲ ಎಂಬುದನ್ನು ಮೊದಲೇ ಹೇಳುತ್ತೇನೆ. ರಾಬರ್ಟ್ ಜಾನ್ಸನ್ ಅವರನ್ನು ಎಲ್ಲರೂ ಕೇಳಿದ್ದಾರೆ; ನನ್ನ ಒಲವು ನಾಲ್ಕು ಬದಿ, ಆರು ಬದಿ (ತಟ್ಟೆಯ ಒಂದು ಮುಖವೇ ಒಂದು ಬದಿ) ಹಾಡಿ ಮರೆಗೆ ಸರಿದವರ ಕಡೆಗೆ. ಮಿಸಿಸಿಪ್ಪಿಯ ಹರ್ನ್ಯಾಂಡೊ ಕಡೆಯ ಗಾರ್‌ಫೀಲ್ಡ್ ಏಕರ್ಸ್ ಬಿಟ್ಟುಹೋದದ್ದು ನಾಲ್ಕೇ ಬದಿ. ಗೀಶಿ ವೈಲಿ ಮತ್ತು ಎಲ್ವಿ ಥಾಮಸ್ ಎಂಬ ಇಬ್ಬರು ಹೆಂಗಸರು ಸೇರಿ ಆರು ಬದಿ. ಮ್ಯಾಟಿ ಡಿಲೇನಿ ಎರಡು. ವಿಲ್ಲಿ ಬ್ರೌನ್ ಅವರದು ನಮ್ಮ ಕೈಗೆ ಬಂದಿರುವುದು ಎರಡು ಬದಿಯ ಒಂದು ತಟ್ಟೆ. ಇವರ ಜೊತೆಗೆ ಸ್ಕಿಪ್ ಜೇಮ್ಸ್ ಅವರನ್ನೂ ಇಟ್ಟುಕೊಂಡಿದ್ದೇನೆ. ಅವರು ಈಗ ಅಪರಿಚಿತರಲ್ಲವಾದರೂ, ಅವರ 1931ರ ತಟ್ಟೆಗಳಿಲ್ಲದಿದ್ದರೆ ನನ್ನ ವಿಧಾನ ಹುಟ್ಟುತ್ತಿರಲಿಲ್ಲ. ಇವರೆಲ್ಲರ ಬಲಗೈ ಹೆಬ್ಬೆರಳು ಏನು ಮಾಡುತ್ತಿತ್ತು, ಎಡಗೈ ಯಾವ ಮನೆಯಲ್ಲಿ (ಫ್ರೆಟ್ಟಿನಲ್ಲಿ) ಇತ್ತು ಎಂಬುದನ್ನು ತಿಳಿಯದೆ ಬರೀ ಗರಗರ ಸದ್ದಿನ ಹಿಂದಿನ ದುಃಖವನ್ನು ಮೆಚ್ಚಿಕೊಂಡು ಕೂರುವುದು ಇವರ ವಿದ್ಯೆಗೆ ಸಲ್ಲಿಸುವ ಗೌರವವಲ್ಲ. ಇವರು ಬಹಳ ಲೆಕ್ಕಾಚಾರದ ವಾದಕರು. ಅವರ ಲೆಕ್ಕ ನಮಗೆ ಕಾಣಬೇಕಾದರೆ ವೇಗ ಸರಿಯಿರಬೇಕು.

ಮೊದಲ ಕೆಲವು ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಮರುಮುದ್ರಣದ ಎಲ್‌ಪಿ ಮತ್ತು ಸಿಡಿಗಳನ್ನು ಕೊಂಡು, ಗಿಟಾರನ್ನು ಅವುಗಳಿಗೆ ಶ್ರುತಿ ಮಾಡಿಕೊಂಡು, ತುಣುಕು ತುಣುಕಾಗಿ ಹಿಡಿಯುವುದು. ಅಲ್ಲಿ ಎದುರಾದ ತೊಂದರೆಯೆಂದರೆ, ಒಂದೇ ಹಾಡು ಮೂರು ಮರುಮುದ್ರಣಗಳಲ್ಲಿ ಮೂರು ಶ್ರುತಿಗಳಲ್ಲಿರುತ್ತದೆ. ಕಾಲು ಸ್ವರದ ವ್ಯತ್ಯಾಸ ಸಾಮಾನ್ಯ, ಕೆಲವೊಮ್ಮೆ ಅರ್ಧ ಸ್ವರಕ್ಕೂ ಹೋಗುತ್ತದೆ. ಒಬ್ಬ ತಂತ್ರಜ್ಞರು ತಮ್ಮ ಕಿವಿಗೆ ತಕ್ಕಂತೆ ತಿದ್ದಿರುತ್ತಾರೆ, ಇನ್ನೊಬ್ಬರು 78ರಲ್ಲೇ ಬಿಟ್ಟಿರುತ್ತಾರೆ, ಮೂರನೆಯವರು ಮತ್ತೊಬ್ಬರ ಎಲ್‌ಪಿಯಿಂದಲೇ ಪ್ರತಿ ಮಾಡಿರುತ್ತಾರೆ. ಸರಾಸರಿ ತೆಗೆದರೆ ಸತ್ಯ ಸಿಗುವುದಿಲ್ಲ. ಹಾಡುವಾಗ ಇವರು ಬಳಸುವ ಗಾಂಧಾರವಂತೂ ನಮ್ಮ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ನಿಲ್ಲುವುದರಿಂದ, ಹಾಡಿನ ಸ್ವರಗಳನ್ನು ಹಿಡಿದು ಶ್ರುತಿ ತೀರ್ಮಾನಿಸುವುದೂ ಆಗದ ಕೆಲಸ. ತಂಬೂರಿಯ ಆ್ಯಪ್ ಹಾಕಿಕೊಂಡು ಆಧಾರ ಷಡ್ಜವನ್ನು ಹುಡುಕಿದರೆ ಷಡ್ಜವೇನೋ ಸಿಗುತ್ತದೆ, ಆದರೆ ಅದು ಅವರು ಹಾಡಿದ ಷಡ್ಜವೋ ತಟ್ಟೆ ತಿರುಗಿಸಿಕೊಟ್ಟ ಷಡ್ಜವೋ ಎಂಬುದು ತಿಳಿಯುವುದಿಲ್ಲ.

ನಡುವೆ ವಿದ್ಯುತ್ತಿನ ಗುಂಯ್‌ಗುಡುವ ಸದ್ದಿನ ಹಿಂದೆ ಒಂದಿಷ್ಟು ತಿಂಗಳು ಕಳೆದೆ. ಅಮೆರಿಕದ ವಿದ್ಯುತ್ 60 ಹರ್ಟ್ಸ್. ಮುದ್ರಣದ ಹೊತ್ತಿನಲ್ಲಿ ಅದರ ಗುಂಯ್‌ಕಾರ ತಟ್ಟೆಗೆ ಇಳಿದಿದ್ದರೆ, ಅದನ್ನು ಅಳೆದು ವೇಗವನ್ನು ನೇರವಾಗಿ ಹೇಳಿಬಿಡಬಹುದು. ಯೋಚನೆ ಸರಿಯಾಗಿಯೇ ಇತ್ತು. ಆದರೆ ನನ್ನ ಬಳಿಯಿದ್ದ ಪ್ರತಿಗಳ ತಳದಲ್ಲಿ ಸಿಕ್ಕಿದ್ದು ಬಹುಪಾಲು ಪ್ರತಿ ಮಾಡಿದವರ ಉಪಕರಣದ ಸದ್ದು, ಇಲ್ಲವೇ ನನ್ನದೇ ಮನೆಯ 50 ಹರ್ಟ್ಸ್ ಮತ್ತು ಅದರ ಇಮ್ಮಡಿ. ಆ ದಾರಿಯನ್ನು ಅಲ್ಲಿಗೇ ಕೈಬಿಟ್ಟೆ.

ದಾರಿ ತೋರಿಸಿದ್ದು ನಮ್ಮ ಊರಿನ ತಟ್ಟೆಗಳೇ. ವೃತ್ತಿರಂಗಭೂಮಿಯ ರಂಗಗೀತೆಗಳ ಎಚ್‌ಎಂವಿ ತಟ್ಟೆಗಳನ್ನು ನಾನು ಬೆಂಗಳೂರಿನ ಹಳೆಯ ಸಾಮಾನಿನ ಅಂಗಡಿಗಳಿಂದ, ಒಂದಕ್ಕೆ 100ರಿಂದ 200 ರೂಪಾಯಿ ಕೊಟ್ಟು, ಕೈ ಪಳಗಿಸಿಕೊಳ್ಳಲೆಂದು ಕೊಳ್ಳುತ್ತಿದ್ದೆ. ಅವುಗಳಲ್ಲಿ ಹಾಡಿನ ಬೆನ್ನಿಗೆ ಹಾರ್ಮೋನಿಯಂ ಇರುತ್ತದೆ. ಹಾರ್ಮೋನಿಯಮ್ಮಿನ ರೀಡು ಒಂದು ಮಧ್ಯಾಹ್ನದಲ್ಲಿ ಜಾರುವುದಿಲ್ಲ. ಗಾಯಕರು ಜಾರಬಹುದು, ಪಿಟೀಲು ಜಾರಬಹುದು. ಆದ್ದರಿಂದ ರೀಡನ್ನು ಅಳೆದು ತಟ್ಟೆಯ ವೇಗವನ್ನು ತಿದ್ದಿದರೆ, ಅದೇ ಗಾಯಕರ ಅದೇ ಸರದಿಯ ಉಳಿದ ತಟ್ಟೆಗಳೂ ತಾವಾಗಿಯೇ ಸರಿಹೋಗುತ್ತಿದ್ದವು. ಇದನ್ನು ಹತ್ತಾರು ತಟ್ಟೆಗಳ ಮೇಲೆ ಮಾಡಿ ನೋಡಿದ ಮೇಲೆ, ಗಿಟಾರೊಂದೇ ಇರುವ ಬ್ಲೂಸ್ ಹಾಡಿಗೆ ಹಾರ್ಮೋನಿಯಮ್ಮಿನಂಥ ಸಾಕ್ಷಿಯನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆ ಉಳಿಯಿತು. ಸಾಕ್ಷಿ ಅದೇ ಹಾಡಿನಲ್ಲಿ ಇರಬೇಕಾಗಿಲ್ಲ, ಪಕ್ಕದ ಹಾಡಿನಲ್ಲಿದ್ದರೂ ಸಾಕು ಎಂದು ಹೊಳೆದದ್ದು ಸ್ಕಿಪ್ ಜೇಮ್ಸ್ ಅವರನ್ನು ಕೇಳುವಾಗ.

ಸ್ಕಿಪ್ ಜೇಮ್ಸ್ ಮಿಸಿಸಿಪ್ಪಿಯ ಬೆಂಟೋನಿಯ ಊರಿನವರು. ಜಾಕ್ಸನ್ ಪಟ್ಟಣದ ಫ್ಯಾರಿಶ್ ಬೀದಿಯಲ್ಲಿ ಅಂಗಡಿಯಿಟ್ಟಿದ್ದ ಎಚ್. ಸಿ. ಸ್ಪೀರ್ ಅವರು ಕೇಳಿ ಮೆಚ್ಚಿ, ಅವರನ್ನು ವಿಸ್ಕಾನ್ಸಿನ್ ರಾಜ್ಯದ ಗ್ರಾಫ್ಟನ್ ಊರಿಗೆ, ಕುರ್ಚಿ ತಯಾರಿಸುವ ಕಂಪನಿಯೊಂದು ನಡೆಸುತ್ತಿದ್ದ ಪ್ಯಾರಾಮೌಂಟ್ ಎಂಬ ತಟ್ಟೆ ಸಂಸ್ಥೆಯ ಸ್ಟುಡಿಯೊಗೆ ಕಳುಹಿಸಿದರು. 1931ರ ಫೆಬ್ರವರಿಯಲ್ಲಿ ಅಲ್ಲಿ ಕೊರೆದ 18 ಬದಿಗಳು ನಮಗೆ ಉಳಿದಿವೆ. ಹೆಚ್ಚಿನವು ಗಿಟಾರಿನವು, ಆದರೆ ಐದರಲ್ಲಿ ಅವರು ಪಿಯಾನೊ ನುಡಿಸಿದ್ದಾರೆ. ಒಬ್ಬರೇ ಗಾಯಕರು, ಒಂದೇ ಕೋಣೆ, ಒಂದೇ ಯಂತ್ರ, ಒಂದು ಕಡೆ ತಂತಿ ಮತ್ತೊಂದು ಕಡೆ ಪಿಯಾನೊ. ಅವರ ಗಿಟಾರಿನ ಕೂಡಿಕೆ (ಬಿಟ್ಟ ತಂತಿಗಳನ್ನು ಶ್ರುತಿ ಮಾಡುವ ಬಗೆ) ಮೈನರ್ ಸ್ವರಮೇಳದ್ದು ಎಂಬುದು ಎಲ್ಲರಿಗೂ ಗೊತ್ತು. ಆದರೆ ಕೆಲವರು ಅದನ್ನು ಡಿ ಮೈನರ್ ಎಂದು ಬರೆಯುತ್ತಾರೆ, ಕೆಲವರು ಇ ಮೈನರ್ ಎಂದು ಬರೆಯುತ್ತಾರೆ. ಎರಡರ ನಡುವೆ ಒಂದು ಇಡೀ ಸ್ವರದ ಅಂತರವಿದೆ. ಡಿ ಆದರೆ ತಂತಿಗಳನ್ನು ಸಡಿಲಿಸಿದ್ದಾರೆ, ಇ ಆದರೆ ಬಿಗಿದಿದ್ದಾರೆ. ಕೈಗೆ ಸಿಗುವ ತಂತಿಯ ಎದುರುಬಲ, ಜಾರಿಸುವಾಗ ಎಷ್ಟು ಎಳೆಯಬೇಕು, ಉಗುರಿನಿಂದ ಮೀಟಿದಾಗ ನಾದ ಎಷ್ಟು ಹೊತ್ತು ನಿಲ್ಲುತ್ತದೆ, ಎಲ್ಲವೂ ಇದರ ಮೇಲೆ ನಿಂತಿದೆ. 1964ರಲ್ಲಿ ಟುನಿಕಾ ಊರಿನ ಆಸ್ಪತ್ರೆಯಲ್ಲಿ ಅವರನ್ನು ಪತ್ತೆಹಚ್ಚಿದ ಮೇಲೆ ಅವರು ಮತ್ತೆ ಹಾಡಿದ್ದಾರೆ, ಅವರ ಕೈಗಳನ್ನು ಚಿತ್ರೀಕರಿಸಿದ್ದೂ ಇದೆ. ಅದರಿಂದ ಬೆರಳಿನ ಜಾಗ ತಿಳಿಯುತ್ತದೆಯೇ ಹೊರತು 1931ರ ತಟ್ಟೆಯ ವೇಗ ತಿಳಿಯುವುದಿಲ್ಲ.

ಈ ಕೆಲಸಕ್ಕೆ ಯಾರೂ ತಿದ್ದದ ಪ್ರತಿ ಬೇಕು. ಮೂಲ ತಟ್ಟೆ ಕೊಳ್ಳುವುದು ನಮ್ಮಂಥವರ ಮಾತಲ್ಲ: ಟಾಮಿ ಜಾನ್ಸನ್ ಅವರ ಒಂದು ಪ್ಯಾರಾಮೌಂಟ್ ತಟ್ಟೆ 2013ರಲ್ಲಿ 37,100 ಡಾಲರಿಗೆ ಹೋಯಿತು, ಅಂದಿನ ದರದಲ್ಲಿ 20 ಲಕ್ಷ ರೂಪಾಯಿಗೂ ಮೇಲೆ. ಅಮೆರಿಕದ ಸಂಗ್ರಾಹಕರೊಬ್ಬರೊಡನೆ ನಾನು ವಿನಿಮಯ ಮಾಡಿಕೊಂಡೆ. ನಮ್ಮಲ್ಲಿ ಮುದ್ರಿತವಾದ ಹವಾಯಿ ಗಿಟಾರಿನ ಎಚ್‌ಎಂವಿ ತಟ್ಟೆಗಳ ಮೇಲೆ ಅಲ್ಲಿನವರಿಗೆ ಬಹಳ ಆಸೆ. ಅವುಗಳಲ್ಲಿ ಹದಿನೈದೋ ಇಪ್ಪತ್ತೋ ತಟ್ಟೆ ನಾನು ಕಳುಹಿಸಿದೆ, ಅವರು ತಮ್ಮಲ್ಲಿದ್ದ ಮತ್ತು ತಮ್ಮ ಸ್ನೇಹಿತರಲ್ಲಿದ್ದ ತಟ್ಟೆಗಳ ಪ್ರತಿ ಮಾಡಿಕೊಟ್ಟರು. ನನ್ನ ಷರತ್ತು ಮೂರು ಇದ್ದವು. ತಟ್ಟೆ 78.26ರಲ್ಲೇ ತಿರುಗಬೇಕು, ಈಕ್ವಲೈಸೇಶನ್ (ಮೇಲಿನ, ಕೆಳಗಿನ ನಾದಗಳ ಬಲವನ್ನು ತಿದ್ದುವುದು) ಹಾಕಬಾರದು, ಎಡ ಬಲ ಎರಡು ಚಾನೆಲ್ಲುಗಳನ್ನು ಬೆರೆಸದೆ ಹಾಗೆಯೇ ಕೊಡಬೇಕು. ಕೊನೆಯದನ್ನು ಕೇಳಿ ಅವರಿಗೆ ಅಚ್ಚರಿಯಾಯಿತು, ಏಕೆಂದರೆ ಮೊನೊ ತಟ್ಟೆಯಲ್ಲಿ ಎರಡನ್ನೂ ಬೆರೆಸಿ ಮೇಲುಕೆಳಗಿನ ಸದ್ದನ್ನು ಅಳಿಸುವುದೇ ರೂಢಿ. ಆದರೆ ಹಳೆಯ ಗ್ರಾಮಫೋನಿನ ಭಾರದ ಸೌಂಡ್‌ಬಾಕ್ಸ್ (ಮುಳ್ಳು ಹಿಡಿದ ತಲೆ) ಮತ್ತು ಉಕ್ಕಿನ ಮುಳ್ಳು ಗೆರೆಯ ಎರಡು ಗೋಡೆಗಳನ್ನೂ ಸಮನಾಗಿ ಸವೆಸುವುದಿಲ್ಲ. ಒಂದು ಗೋಡೆ ಹಾಳಾಗಿದ್ದ ಕಡೆ ಇನ್ನೊಂದು ಗೋಡೆಯಲ್ಲಿ ಪಿಯಾನೊದ ನಾದ ಅಚ್ಚುಕಟ್ಟಾಗಿ ಉಳಿದಿರುತ್ತದೆ. ಎರಡು ಗೋಡೆಗಳ ನಡುವೆ ಕ್ಷಣಕ್ಷಣಕ್ಕೂ ಯಾವುದನ್ನು ಆರಿಸಬೇಕು ಎಂಬುದಕ್ಕೆ ನನ್ನದೇ ಒಂದು ಉಪಾಯವಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಹಣದ ಲೆಕ್ಕವನ್ನು ನೆನಪಿನಿಂದ ಹೇಳುತ್ತೇನೆ. ವೇಗವನ್ನು ಬೇಕಾದಂತೆ ಸರಿಸಬಹುದಾದ ಹಳೆಯ ಲೆಂಕೊ ಎಲ್75 ಟರ್ನ್‌ಟೇಬಲ್ಲಿಗೆ ರಿಪೇರಿ ಸೇರಿ 30,000 ರೂಪಾಯಿಯ ಹತ್ತಿರ ಹೋಯಿತು. ಮುಳ್ಳುಗಳಿಗೆ ಅದಕ್ಕಿಂತ ಹೆಚ್ಚು ಸುರಿದಿದ್ದೇನೆ: ಎಲ್‌ಪಿಯ ಸಣ್ಣ ಮುಳ್ಳು ಗೆರೆಯ ತಳಕ್ಕೆ ಇಳಿದು ಬರೀ ಕಸವನ್ನೇ ಓದುತ್ತದೆ, 3 ಮಿಲ್ (ಇಂಚಿನ ಸಾವಿರದ ಮೂರು ಭಾಗ) ಮುಳ್ಳು ಸಾಮಾನ್ಯವಾಗಿ ಸವೆದ ಎತ್ತರದಲ್ಲೇ ಕೂರುತ್ತದೆ, ಅದಕ್ಕಿಂತ ತುಸು ದಪ್ಪದ್ದೋ ತುಸು ತೆಳ್ಳಗಿನದೋ ಹಾಕಿದರೆ ಸವೆಯದ ಪಟ್ಟಿ ಸಿಗುತ್ತದೆ. ಹೀಗೆ ನಾಲ್ಕೈದು ಅಳತೆಗಳನ್ನು ಕೂಡಿಹಾಕುವ ಹೊತ್ತಿಗೆ 40,000 ದಾಟಿತ್ತು. ದೀಪದ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಂಡಾಗ ವೇಗ ತಿಳಿಸುವ ಸ್ಟ್ರೋಬ್ ತಟ್ಟೆಯ ವಿಷಯದಲ್ಲಿ ಹೊಸಬರು ಎಚ್ಚರದಿಂದಿರಬೇಕು. ಅಮೆರಿಕದ್ದರಲ್ಲಿ 92 ಗೆರೆಗಳಿರುತ್ತವೆ, ಅದು 60 ಹರ್ಟ್ಸ್ ದೀಪಕ್ಕೆ ಮಾಡಿದ್ದು, ನಿಂತಂತೆ ಕಂಡಾಗ ವೇಗ 78.26. ನಮ್ಮ 50 ಹರ್ಟ್ಸ್ ದೀಪಕ್ಕೆ 77 ಗೆರೆಯದು ಬೇಕು, ಅದು ನಿಂತಂತೆ ಕಂಡಾಗ ವೇಗ 77.92. ಈ ಎರಡರ ನಡುವಿನ ವ್ಯತ್ಯಾಸ ಏಳೆಂಟು ಸೆಂಟ್ (ಅರ್ಧ ಸ್ವರದ ನೂರನೆಯ ಒಂದು ಭಾಗ ಒಂದು ಸೆಂಟ್), ಕಿವಿಗೆ ಗೊತ್ತಾಗದಷ್ಟು ಸಣ್ಣದು, ಆದರೆ ಲೆಕ್ಕದಲ್ಲಿ ಕೂಡಿಕೊಳ್ಳುತ್ತದೆ. ಎಲ್‌ಇಡಿ ಬಲ್ಬಿನ ಕೆಳಗೆ ಸ್ಟ್ರೋಬ್ ಸರಿಯಾಗಿ ಕಾಣುವುದಿಲ್ಲ, ಹಳೆಯ ನಿಯಾನ್ ಇಂಡಿಕೇಟರ್ ದೀಪ ಉತ್ತಮ.

ನೋವು ಕೊಟ್ಟ ನಷ್ಟ ಬೇರೊಂದು. ತಟ್ಟೆಗಳ ಮಾರಾಟಗಾರರೊಬ್ಬರಿಂದ 1930ರ ದಶಕದ ಕಡೆಯ ಸಾಧಾರಣ ಬ್ಲೂಸ್ ತಟ್ಟೆಗಳನ್ನು ತರಿಸಿದ್ದೆ. ಸಾಗಣೆ, ಸುಂಕ ಎಲ್ಲ ಸೇರಿ 12,000 ರೂಪಾಯಿಯಾಗಿತ್ತು. ತಟ್ಟೆಗಳ ನಡುವೆ ರಟ್ಟು ಇಡದೆ, ಪೆಟ್ಟಿಗೆಯಲ್ಲಿ ಅಲುಗಾಡುವಂತೆ ತುಂಬಿ ಕಳುಹಿಸಿದ್ದರಿಂದ ಮುಕ್ಕಾಲು ಪಾಲು ಚೂರಾಗಿ ಬಂತು. ಅಂದಿನಿಂದ ನಾನು ತರಿಸುವವರಿಗೂ ಕಳುಹಿಸುವವರಿಗೂ ಒಂದೇ ಮಾತು ಹೇಳುತ್ತೇನೆ: ತಟ್ಟೆಗಿಂತ ದೊಡ್ಡದಾದ ಎರಡು ರಟ್ಟಿನ ನಡುವೆ ಹತ್ತಕ್ಕಿಂತ ಹೆಚ್ಚು ತಟ್ಟೆ ಇಡಬೇಡಿ, ಆ ಕಟ್ಟು ಪೆಟ್ಟಿಗೆಯ ಯಾವ ಗೋಡೆಗೂ ತಾಗದಿರಲಿ.

ಒಡೆದ ಆ ಚೂರುಗಳನ್ನು ನೋಡುವಾಗ ನೆನಪಾಗುವ ಸಂಗತಿಯೊಂದಿದೆ. ಈ ತಟ್ಟೆಗಳ ಅಂಟು ನಮ್ಮ ದೇಶದ ಅರಗು. ಅಮೆರಿಕ ಅದನ್ನು ಭಾರತದಿಂದಲೇ ತರಿಸಿಕೊಂಡು, ಕಲ್ಲಿನ ಪುಡಿ ಮತ್ತು ಮಸಿ ಬೆರೆಸಿ ಒತ್ತುತ್ತಿತ್ತು. ಪ್ಯಾರಾಮೌಂಟ್ ತನ್ನ ಮಿಶ್ರಣದಲ್ಲಿ ಅಗ್ಗದ ಪುಡಿಯನ್ನು ಧಾರಾಳವಾಗಿ ಬಳಸಿದ್ದರಿಂದಲೇ ಅದರ ತಟ್ಟೆಗಳು ಹೊಸದಾಗಿದ್ದಾಗಲೂ ಗರಗರ ಎನ್ನುತ್ತಿದ್ದವು. ಯುದ್ಧದ ಕಾಲದಲ್ಲಿ, 1942ರಲ್ಲಿ, ಅರಗಿನ ಬಳಕೆಗೆ ಅಮೆರಿಕ ಸರ್ಕಾರ ಮಿತಿ ಹಾಕಿತು. ಹಳೆಯ ತಟ್ಟೆಗಳನ್ನು ಕೂಡಿಹಾಕಿ ಅರೆದು ಹೊಸ ತಟ್ಟೆ ಮಾಡಿದರು. ಈ ಸಂಗೀತದಲ್ಲಿ ಎಷ್ಟೋ ಪಾಲು ಹೀಗೆಯೂ ಹೋಯಿತು.

ವಿಧಾನಕ್ಕೆ ಬರುತ್ತೇನೆ. ಪಿಯಾನೊ ಬದಿಯಲ್ಲಿ ಮಧ್ಯ ಸ್ಥಾಯಿಯ, ಒಂದಿಷ್ಟು ಹೊತ್ತು ನಿಲ್ಲುವ ಸ್ವರಗಳನ್ನು ಮಾತ್ರ ಆರಿಸಿಕೊಳ್ಳುತ್ತೇನೆ. ತೀರ ಮೇಲಿನ ಮತ್ತು ತೀರ ಕೆಳಗಿನ ಸ್ವರಗಳು ಪಿಯಾನೊದಲ್ಲಿ ಸಹಜವಾಗಿಯೇ ಹಿಗ್ಗಿರುತ್ತವೆ, ಅವು ಬೇಡ. ಒಂದು ಬದಿಗೆ ನಲವತ್ತು ಐವತ್ತು ಸ್ವರಗಳನ್ನು ಸಾನಿಕ್ ವಿಷುಯಲೈಸರ್ ಎಂಬ ತಂತ್ರಾಂಶದಲ್ಲಿ ಗುರುತಿಸಿ, ಎ 440ಕ್ಕೆ (ಎ ಸ್ವರವನ್ನು 440 ಹರ್ಟ್ಸ್‌ಗೆ ಇಡುವ ಶ್ರುತಿಯ ಪ್ರಮಾಣಕ್ಕೆ) ಹೋಲಿಸಿ ಪ್ರತಿಯೊಂದೂ ಎಷ್ಟು ಸೆಂಟ್ ಆಚೀಚೆ ಇದೆ ಎಂದು ಬರೆದುಕೊಳ್ಳುತ್ತೇನೆ. ಬದಿಯ ಆರಂಭದಿಂದ ಕೊನೆಯವರೆಗೆ ಆ ಅಂಕಿಗಳು ನಿಧಾನವಾಗಿ ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ, ಅದು ಯಂತ್ರದ ವೇಗ ಜಾರಿದ್ದರ ಗುರುತು, ಏಕೆಂದರೆ ಮೂರು ನಿಮಿಷದಲ್ಲಿ ಪಿಯಾನೊ ಜಾರುವುದಿಲ್ಲ. ಗಿಟಾರ್ ಬದಿಯಲ್ಲಿ ಇಂಥ ಜಾರಿಕೆ ಕಂಡರೆ ತಂತಿ ಸಡಿಲವಾಯಿತೋ ಯಂತ್ರ ಸಡಿಲವಾಯಿತೋ ಎಂದು ಹೇಳಲು ಬರುವುದಿಲ್ಲ. ಪಕ್ಕದ ಪಿಯಾನೊ ಬದಿಯಲ್ಲೂ ಅದೇ ಬಾಗು ಇದ್ದರೆ ಉತ್ತರ ಸಿಕ್ಕಂತೆಯೇ. ನನಗೆ ಮೊದಲ ಬಾರಿ ಈ ವಿಧಾನದ ಮೇಲೆ ಪೂರ್ತಿ ನಂಬಿಕೆ ಬಂದದ್ದು ಹೀಗೆ ಎರಡು ಬದಿಗಳ ಬಾಗುಗಳು ಒಂದರ ಮೇಲೊಂದು ಕೂತಾಗ.

ಇಲ್ಲಿಗೆ ಎಲ್ಲರೂ ಎತ್ತುವ ಆಕ್ಷೇಪ ಬರುತ್ತದೆ. ಬೆಂಗಳೂರಿನಲ್ಲಿ ಪಿಯಾನೊಗಳಿಗೆ ಶ್ರುತಿ ಮಾಡುವ ಹಿರಿಯರೊಬ್ಬರು, "ಆ ಪಿಯಾನೊ ಸರಿಯಾಗಿ ಶ್ರುತಿಯಲ್ಲಿತ್ತು ಅಂತ ನಿಮಗೆ ಯಾರು ಹೇಳಿದ್ರು? ಚಳಿ ದೇಶದ ಕಾರ್ಖಾನೆ ಕೋಣೇಲಿ ಇಟ್ಟಿದ್ದ ಪಿಯಾನೊ ಸ್ವಾಮಿ ಅದು" ಎಂದು ನೇರವಾಗಿ ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರದ ಅರ್ಧವನ್ನು ಅವರೇ ಕೊಟ್ಟರು: ಕೈಬಿಟ್ಟ ಪಿಯಾನೊ ಕಾಲ ಕಳೆದಂತೆ ಇಳಿಯುತ್ತದೆ, ಏರುವುದು ಅಪರೂಪ. ಆದ್ದರಿಂದ ಅಳತೆಯಲ್ಲಿ ಪಿಯಾನೊ 440ಕ್ಕಿಂತ ಮೇಲಿದ್ದರೆ ತಟ್ಟೆಯನ್ನು ನಾವು ವೇಗವಾಗಿ ತಿರುಗಿಸುತ್ತಿದ್ದೇವೆ ಎಂದು ಧೈರ್ಯವಾಗಿ ಹೇಳಬಹುದು. ಕೆಳಗಿದ್ದರೆ ಮಾತ್ರ ಸಂಶಯ. ಇನ್ನರ್ಧ ಉತ್ತರಕ್ಕಾಗಿ ನಾನು ಅದೇ ಗ್ರಾಫ್ಟನ್ ಕೋಣೆಯಲ್ಲಿ ನುಡಿಸಿದ ಬೇರೆ ಪಿಯಾನೊ ವಾದಕರನ್ನು ಅಳೆದೆ. 1930ರಲ್ಲಿ ಚಾರ್ಲಿ ಸ್ಪ್ಯಾಂಡ್ ಇದ್ದಾರೆ, ಲಿಟ್ಲ್ ಬ್ರದರ್ ಮಾಂಟ್‌ಗಮರಿ ಇದ್ದಾರೆ, ಲೂಯಿಸ್ ಜಾನ್ಸನ್ ಇದ್ದಾರೆ. ತಿಂಗಳು ತಿಂಗಳಿಗೆ ಅಂಕಿಗಳು ನೆಗೆದಾಡಿದರೆ ಅದು ಯಂತ್ರದ ಕೆಲಸ. ನಿಧಾನವಾಗಿ ಒಂದೇ ದಾರಿಯಲ್ಲಿ ಇಳಿದರೆ ಅದು ಪಿಯಾನೊದ ಕೆಲಸ. ಇದರ ಜೊತೆಗೆ ಪಿಯಾನೊದೊಳಗಿನ ಸ್ವರಗಳ ಪರಸ್ಪರ ಅಂತರ ಎಷ್ಟು ಕೆಟ್ಟಿದೆ ಎಂಬುದನ್ನೂ ನೋಡಬೇಕು, ಏಕೆಂದರೆ ಅದನ್ನು ತಟ್ಟೆಯ ವೇಗ ಮರೆಮಾಚಲಾರದು. ಒಳಗಿನ ಅಂತರ ಹೆಚ್ಚು ಕೆಡದ ಪಿಯಾನೊ ಒಟ್ಟಾಗಿಯೂ ಬಹಳ ಇಳಿದಿರುವುದಿಲ್ಲ. ಎಷ್ಟೇ ಕೆಟ್ಟದೆಂದರೂ ಕಾಲು ಸ್ವರದೊಳಗೆ ಉತ್ತರ ನಿಲ್ಲುತ್ತದೆ, ಅಂದರೆ ಶೇ. 3ರೊಳಗೆ. ಮರುಮುದ್ರಣಗಳ ಗೊಂದಲಕ್ಕೆ ಹೋಲಿಸಿದರೆ ಇದು ದೊಡ್ಡ ಗೆಲುವು.

ಪಿಯಾನೊ ಬದಿಯೂ ಗಿಟಾರ್ ಬದಿಯೂ ಒಂದೇ ವೇಗದಲ್ಲಿದ್ದವು ಎಂಬುದಕ್ಕೆ ಏನು ಆಧಾರ ಎಂಬುದು ಎರಡನೆಯ ಆಕ್ಷೇಪ. ಸ್ಕಿಪ್ ಜೇಮ್ಸ್ ಅವರ ವಿಷಯದಲ್ಲಿ ಆಧಾರ ಅವರ ಗಂಟಲು. ಒಬ್ಬರ ಬಾಯಿಯಿಂದ ಬರುವ ಒಂದೇ ಸ್ವರಾಕ್ಷರದ (ಆ, ಈ, ಊ ಇಂಥವುಗಳ) ಬಣ್ಣವನ್ನು ಅವರ ಬಾಯಿ, ಗಂಟಲುಗಳ ಅಳತೆ ತೀರ್ಮಾನಿಸುತ್ತದೆ. ಎಷ್ಟು ಮೇಲೆ ಹಾಡಿದರು ಎಂಬುದಕ್ಕೂ ಅದಕ್ಕೂ ಹೆಚ್ಚು ಸಂಬಂಧವಿಲ್ಲ. ತಟ್ಟೆ ವೇಗವಾದರೆ ಆ ಬಣ್ಣವೂ ಮೇಲಕ್ಕೆ ಸರಿಯುತ್ತದೆ. ಪಿಯಾನೊ ಬದಿಯ ಒಂದು ದೀರ್ಘ ಸ್ವರಾಕ್ಷರವನ್ನೂ ಗಿಟಾರ್ ಬದಿಯ ಅದೇ ಸ್ವರಾಕ್ಷರವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಎರಡು ಬದಿಗಳ ವೇಗ ಒಂದೇ ಆಗಿತ್ತೇ ಎಂಬುದು ಸಾಕಷ್ಟು ಸ್ಪಷ್ಟವಾಗುತ್ತದೆ. ಹೆಚ್ಚಿನ ಬದಿಗಳಲ್ಲಿ ಒಂದೇ ಆಗಿತ್ತು. ಒಂದೆರಡರಲ್ಲಿ ಆಗಿರಲಿಲ್ಲ, ಅವನ್ನು ಪಟ್ಟಿಯಿಂದ ಹೊರಗಿಟ್ಟೆ.

ವಿಲ್ಲಿ ಬ್ರೌನ್ ಅವರಿಗೆ ಇದನ್ನು ಹಚ್ಚಿದ ಬಗೆ ನನಗೆ ಅತ್ಯಂತ ಹೆಮ್ಮೆಯದು. 1930ರಲ್ಲಿ ಚಾರ್ಲಿ ಪ್ಯಾಟನ್, ಸನ್ ಹೌಸ್, ವಿಲ್ಲಿ ಬ್ರೌನ್ ಮತ್ತು ಲೂಯಿಸ್ ಜಾನ್ಸನ್ ನಾಲ್ವರೂ ಒಟ್ಟಿಗೆ ಗ್ರಾಫ್ಟನ್ನಿಗೆ ಹೋದರು. ಮೂವರು ಗಂಡಸರು ಗಿಟಾರಿಗರು, ಲೂಯಿಸ್ ಜಾನ್ಸನ್ ಪಿಯಾನೊ ನುಡಿಸಿ ಹಾಡುವವರು; ಅವರದು ನಾಲ್ಕು ಬದಿ. ಬ್ರೌನ್ ಪಿಯಾನೊ ಮುಟ್ಟಿಲ್ಲವಾದ್ದರಿಂದ ಅವರ ಗಂಟಲನ್ನು ಹೋಲಿಸಿ ನೋಡುವ ದಾರಿ ಮುಚ್ಚಿದೆ ಎಂದು ಸಂಗ್ರಾಹಕರು ಪತ್ರ ಬರೆದರು. ಆದರೆ ಲೂಯಿಸ್ ಜಾನ್ಸನ್ ಅವರ ಬದಿಗಳನ್ನು ಗಮನವಿಟ್ಟು ಕೇಳಿದವರಿಗೆ ಗೊತ್ತು, ಆಕೆ ಹಾಡುವಾಗ ಹಿಂದೆ ನಿಂತ ಗಂಡಸರು ಹುರುಪಿನಿಂದ ಕೂಗಿ ಮಾತಾಡುತ್ತಾರೆ. ಆ ಕೂಗುಗಳು ಪಿಯಾನೊದ ಜೊತೆಗೇ ಒಂದೇ ಗೆರೆಯಲ್ಲಿ ಕೂತಿವೆ. ಪಿಯಾನೊದಿಂದ ಆ ಬದಿಯ ವೇಗವನ್ನು ತಿದ್ದಿ, ತಿದ್ದಿದ ಆ ಕೂಗುಗಳನ್ನು ಅದೇ ಗಂಡಸರು ತಮ್ಮ ತಮ್ಮ ಗಿಟಾರ್ ಬದಿಗಳಲ್ಲಿ ಆಡಿದ, ಹಾಡಿದ ದನಿಗೆ ಹೋಲಿಸಿದೆ. ಯಾವ ಕೂಗು ಯಾರದು ಎಂದು ಬೇರ್ಪಡಿಸುವುದಕ್ಕೇ ಒಂದು ಮಳೆಗಾಲ ಹಿಡಿಯಿತು. ಅದು ಮುಗಿದ ಮೇಲೆ ವೇಗ ಸಿಕ್ಕಿತು. ನಿಖರವಾದ ಅಂಕಿಯನ್ನು ಇಲ್ಲಿ ಕೊಡುವುದಿಲ್ಲ. ಆಸಕ್ತರು ಮೇಲಿನ ದಾರಿಯಲ್ಲಿ ತಾವೇ ಅಳೆದು ನೋಡಲಿ, ನನ್ನ ಅಂಕಿಗೆ ಬಂದು ನಿಲ್ಲುತ್ತಾರೆ.

ಸಿಕ್ಕ ವೇಗದಲ್ಲಿ "ಫ್ಯೂಚರ್ ಬ್ಲೂಸ್" ಕೇಳಿದರೆ ಬ್ರೌನ್ ಅವರ ಬಲಗೈ ಬೇರೆಯೇ ಆಗಿ ಕಾಣುತ್ತದೆ. ಸ್ಪ್ಯಾನಿಶ್ ಕೂಡಿಕೆಯಲ್ಲಿ (ಬಿಟ್ಟ ತಂತಿಗಳೇ ಮೇಜರ್ ಸ್ವರಮೇಳ ಕೊಡುವ ಬಗೆ) ದಪ್ಪ ತಂತಿಯನ್ನು ಎಳೆದುಬಿಟ್ಟು ಅದು ಫಲಕಕ್ಕೆ ಬಡಿಯುವಂತೆ ಮಾಡುವ ಅವರ ಹೊಡೆತವನ್ನು ನಾವೆಲ್ಲ ಬರಿಯ ಬಲಪ್ರಯೋಗವೆಂದು ತಿಳಿದಿದ್ದೆವು. ತಂತಿಯ ಬಿಗಿ ಸರಿಯಾದಾಗ ಅದಕ್ಕೆ ಅಷ್ಟು ಬಲ ಬೇಡ. ಹೆಬ್ಬೆರಳಿನ ಬದಿಯಿಂದ ತಂತಿಯ ಅಡಿಗೆ ಹೋಗಿ ಬಿಟ್ಟರೆ ಸಾಕು, ಬಡಿತ ತಾಳಕ್ಕೆ ಸರಿಯಾಗಿ ಬೀಳುತ್ತದೆ. ವರ್ಷಗಟ್ಟಲೆ ನನ್ನ ಕೈಗೆ ಹತ್ತದಿದ್ದ ಆ ತಿರುವು ಒಂದೆರಡು ವಾರದಲ್ಲಿ ಹತ್ತಿತು.

ತಂತಿಯ ಬಿಗಿಯನ್ನು ಪರೀಕ್ಷಿಸಲು ತಕ್ಕ ಗಿಟಾರೂ ಬೇಕಿತ್ತು. ಇವರಲ್ಲಿ ಹಲವರು ನುಡಿಸಿದ್ದು ಜರ್ಸಿ ಸಿಟಿಯ ಆಸ್ಕರ್ ಶ್ಮಿಟ್ ಕಾರ್ಖಾನೆಯ ಸ್ಟೆಲ್ಲಾದಂಥ ಅಗ್ಗದ ಗಿಟಾರುಗಳನ್ನು. ಅವುಗಳ ಮೇಲುಹಲಗೆಯ ಅಡಿಯಲ್ಲಿ ಪಟ್ಟಿಗಳು ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಇರುತ್ತವೆ. ಅಂಥ ಮೂಲ ಗಿಟಾರಿನ ಬೆಲೆ ಕೇಳಿ ಸುಮ್ಮನಾಗಿ, ಅದೇ ರೀತಿಯ ಅಡ್ಡಪಟ್ಟಿಗಳಿರುವ ಕೋಲ್ಕತ್ತದ ಹಳೆಯ ಗಿಟಾರೊಂದನ್ನು 3,500 ರೂಪಾಯಿಗೆ ಕೊಂಡೆ. ದಪ್ಪ ತಂತಿ ಹಾಕಿ ಇ ಮೈನರಿಗೆ ಬಿಗಿದಾಗ ಬ್ರಿಜ್ (ಕುದುರೆ) ಅಂಟಿನಿಂದ ಕಿತ್ತು ಮೇಲೆದ್ದಿತು. ಮತ್ತೆ ಅಂಟಿಸಿದರೂ ನಿಲ್ಲಲಿಲ್ಲ. ಕಡೆಗೆ ಮ್ಯಾಂಡೊಲಿನ್ನಿಗೆ ಹಾಕುವ ಬಗೆಯ ಟೈಲ್‌ಪೀಸ್ (ತಂತಿಗಳ ತುದಿ ಹಿಡಿಯುವ ಭಾಗ) ಮಾಡಿಸಿ ಬುಡಕ್ಕೆ ಕೂರಿಸಿ, ಬ್ರಿಜ್ ಬರೀ ಆನಿಕೆಯಾಗುವಂತೆ ಮಾಡಿದ ಮೇಲೆ ಸರಿಹೋಯಿತು. ಅದಕ್ಕೆ 2,000 ರೂಪಾಯಿ. ಆ ಗಿಟಾರಿನ ನಾದ ಬೇಗ ಎದ್ದು ಬೇಗ ಸಾಯುತ್ತದೆ, ತಟ್ಟೆಯಲ್ಲಿ ಕೇಳುವಂತೆಯೇ. ಒಂದು ಲಕ್ಷ ಕೊಟ್ಟ ಗಿಟಾರಿನಲ್ಲಿ ಈ ಸಂಗೀತ ಜೇನಿನಲ್ಲಿ ಅದ್ದಿದಂತಾಗಿ ಹೆಬ್ಬೆರಳಿನ ಲೆಕ್ಕ ಮುಚ್ಚಿಹೋಗುತ್ತದೆ.

ನಂಬದವರಲ್ಲಿ ಒಬ್ಬರು ಪರೀಕ್ಷೆಯನ್ನೇ ಒಡ್ಡಿದರು. ಪಿಯಾನೊ ಮತ್ತು ಗಿಟಾರ್ ಎರಡೂ ಇರುವ ಒಂದು ಮುದ್ರಣದ ಸರದಿಯಿಂದ ನಾಲ್ಕು ಬದಿ ಆರಿಸಿ, ನನಗೆ ತಿಳಿಸದೆ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ವೇಗ ಕೆಡಿಸಿ ಕಳುಹಿಸಿ, ಎಷ್ಟು ಕೆಡಿಸಿದ್ದೇನೆಂದು ಹೇಳಿ ಎಂದರು. ನಾನು ಹೇಳಿದ ಅಂಕಿ ಅವರು ಬರೆದಿಟ್ಟಿದ್ದ ಅಂಕಿಗಿಂತ ಶೇ. 1ರಷ್ಟೂ ತಪ್ಪಿರಲಿಲ್ಲ. ಮತ್ತೆರಡು ಸಲ ಕಳುಹಿಸಿದರು, ಫಲಿತಾಂಶ ಹೆಚ್ಚುಕಡಿಮೆ ಅಷ್ಟೇ. ರಾಬರ್ಟ್ ಜಾನ್ಸನ್ ಅವರ ತಟ್ಟೆಗಳು ಶೇ. 20ರಷ್ಟು ವೇಗವಾಗಿವೆ ಎಂಬ ಹಳೆಯ ವಾದವನ್ನು ಆಗ ಅವರು ಎತ್ತಿದರು. 1936ರ ಸ್ಯಾನ್ ಆಂಟೋನಿಯೊ, 1937ರ ಡಲ್ಲಸ್ ಎರಡು ಕಡೆಯೂ, ತಿಂಗಳುಗಳ ಅಂತರದಲ್ಲಿ, ಒಂದೇ ಪ್ರಮಾಣದ ದೋಷ ಬರಬೇಕೆಂದರೆ ಅದು ನಂಬಲರ್ಹವಲ್ಲ ಎಂಬುದು ನನ್ನ ನಿಲುವು.

ಮೆಂಫಿಸ್ಸಿನ ತಟ್ಟೆಗಳಿಗೂ ಈಗ ಇದನ್ನು ಹಚ್ಚುತ್ತಿದ್ದೇನೆ. 1929ರ ಸೆಪ್ಟೆಂಬರಿನಲ್ಲಿ ಬ್ರನ್ಸ್‌ವಿಕ್ ಮತ್ತು ವೊಕಾಲಿಯನ್ ಹೆಸರುಗಳಿಗೆ ಒಂದೇ ತಂಡ ಪೀಬಾಡಿ ಹೋಟೆಲಿನಲ್ಲಿ ಯಂತ್ರ ಹೂಡಿತ್ತು. ಗಾರ್‌ಫೀಲ್ಡ್ ಏಕರ್ಸ್ ಅವರ "ಕಾಟನ್‌ಫೀಲ್ಡ್ ಬ್ಲೂಸ್" ಎರಡು ಭಾಗಗಳನ್ನೂ, ರಾಬರ್ಟ್ ವಿಲ್ಕಿನ್ಸ್ ಅವರ ಹಾಡುಗಳನ್ನೂ ಅಲ್ಲೇ ಕೊರೆದದ್ದು. ಪಿಯಾನೊ ವಾದಕ ಸ್ಪೆಕಲ್ಡ್ ರೆಡ್ ಕೂಡ ಅದೇ ತಿಂಗಳು ಅಲ್ಲಿಯೇ ನುಡಿಸಿದ್ದಾರೆ. ಆದ್ದರಿಂದ ಏಕರ್ಸ್ ಅವರಿಗೆ ಸಾಕ್ಷಿ ಸ್ಪೆಕಲ್ಡ್ ರೆಡ್. ಏಕರ್ಸ್ ಜೊತೆಗೆ ಎರಡನೆಯ ಗಿಟಾರ್ ನುಡಿಸಿದವರು ಜೋ ಕ್ಯಾಲಿಕಾಟ್. ಎರಡು ಗಿಟಾರುಗಳ ನಿಲ್ಲದ ಬಡಿತ ಒಂದರೊಳಗೊಂದು ಹೊಕ್ಕು ಒಂದೇ ವಾದ್ಯದಂತೆ ಕೇಳುತ್ತದೆ. ವೇಗ ತಿದ್ದಿದ ಮೇಲೆ, ಕ್ಯಾಲಿಕಾಟ್ 1967ರಲ್ಲಿ ಮತ್ತೆ ಹಾಡಿದ ಧ್ವನಿಮುದ್ರಣಗಳನ್ನು ಪಕ್ಕದಲ್ಲಿಟ್ಟುಕೊಂಡು, ಯಾವ ಬಡಿತ ಯಾರ ಕೈಯದು ಎಂದು ಬಿಡಿಸಲು ನೋಡುತ್ತಿದ್ದೇನೆ. ಅರ್ಧದಷ್ಟು ಆಗಿದೆ.

ಎಲ್ಲ ಕಡೆಯೂ ಇದು ನಡೆಯುವುದಿಲ್ಲ. ದಕ್ಷಿಣ ಕ್ಯಾರೊಲಿನಾದ ಗ್ರೀನ್‌ವಿಲ್ಲಿನ ಬ್ಲೈಂಡ್ ವಿಲ್ಲಿ ವಾಕರ್ 1930ರ ಡಿಸೆಂಬರಿನಲ್ಲಿ ಅಟ್ಲಾಂಟಾದಲ್ಲಿ ಕೊಲಂಬಿಯಾಕ್ಕೆ ನುಡಿಸಿದ "ಸೌತ್ ಕ್ಯಾರೊಲಿನಾ ರ್‍ಯಾಗ್" ಬದಿಗೆ ನಾನು ಹಳೆಯ ದಾರಿಯನ್ನೇ ಹಿಡಿದಿದ್ದೇನೆ, ಅಂದರೆ ಬಿಟ್ಟ ತಂತಿಗಳ ನಾದವನ್ನು ಗುರುತಿಸಿ, ಸಿ ಸ್ಥಾನದ ಬೆರಳಿಡಿಕೆಯಿಂದ ಹಿಂದಕ್ಕೆ ಲೆಕ್ಕ ಹಾಕುವುದು. ಗೀಶಿ ವೈಲಿಯವರ "ಲಾಸ್ಟ್ ಕೈಂಡ್ ವರ್ಡ್ಸ್ ಬ್ಲೂಸ್" ಕೂಡ ಗ್ರಾಫ್ಟನ್ನಿನದೇ, 1930ರದ್ದೇ. ಆದರೆ ಅವರ ಸರದಿಯಲ್ಲಿ ಪಿಯಾನೊ ಇಲ್ಲ. ಅದೇ ಕೋಣೆಯ ಹಿಂದುಮುಂದಿನ ಪಿಯಾನೊ ಬದಿಗಳಿಂದ ಒಂದು ಮಿತಿಯನ್ನು ಹಾಕಿಕೊಂಡಿದ್ದೇನೆ, ಆ ಮಿತಿಯೊಳಗೆ ಎರಡು ಉತ್ತರಗಳು ನಿಲ್ಲುತ್ತವೆ. ಎರಡರಲ್ಲೂ ನುಡಿಸಿ ನೋಡುತ್ತೇನೆ. ಹಾಡಿನ ಆರಂಭದಲ್ಲಿ ಆಕೆ ಮೈನರ್ ಸ್ವರಮೇಳವನ್ನು ಹಿಡಿದು ಕೂಡಲೇ ಬಿಟ್ಟುಕೊಡುವ ರೀತಿ ಕೆಳಗಿನ ಶ್ರುತಿಯಲ್ಲೇ ನನಗೆ ಹೆಚ್ಚು ಸಹಜವಾಗಿ ಕೈಗೆ ಬರುತ್ತದೆ.

ಇದುವರೆಗೆ ಎಲ್ಲ ಸೇರಿ ಎರಡು ಲಕ್ಷ ರೂಪಾಯಿಯ ಆಸುಪಾಸು ಖರ್ಚಾಗಿರಬೇಕು. ಗ್ರಾಫ್ಟನ್ನಿನ 1930ರ ಆ ನಾಲ್ವರ ಸರದಿಯಲ್ಲಿ ಇನ್ನೂ ಒಂದು ತಟ್ಟೆಯ ಕೆಲಸ ಬಾಕಿಯಿದೆ: ವಿಲ್ಲಿ ಬ್ರೌನ್ ಅವರ ಪ್ಯಾರಾಮೌಂಟ್ 13099. ಅದರ ಒಂದು ಪ್ರತಿಯೂ ಈವರೆಗೆ ಯಾರಿಗೂ ಸಿಕ್ಕಿಲ್ಲ. ಅದೇ ಸರದಿಯ ಸನ್ ಹೌಸ್ ಅವರ 13096 ಎಪ್ಪತ್ತು ವರ್ಷಕ್ಕೂ ಮೇಲೆ ಕಾಣೆಯಾಗಿದ್ದು ಪತ್ತೆಯಾಗಿ, 2006ರಲ್ಲಿ ಎಲ್ಲರೂ ಕೇಳುವಂತಾಯಿತು. ಬ್ರೌನ್ ಅವರದೂ ಹಾಗೆ ಸಿಕ್ಕಿದರೆ ಅದನ್ನು ಯಾವ ವೇಗದಲ್ಲಿ ತಿರುಗಿಸಬೇಕೆಂಬ ಅಂಕಿ ನನ್ನ ಬಳಿ ಸಿದ್ಧವಿದೆ, ಕೇಳಿದವರಿಗೆ ಅದನ್ನು ಮಾತ್ರ ಮುಚ್ಚುಮರೆಯಿಲ್ಲದೆ ಕೊಡುತ್ತೇನೆ.